ಹದಿನೇಳನೇ ನಂಬರಿನ ತಗಡು

ದುಮ್ಮವಾಡದಲ್ಲಿ ಬಾಳೆಗಿಡ ಇರುವುದು ಮೂರೇ ಕೆಲಸಕ್ಕೆ. ಹಣ್ಣು ತಿನ್ನಬೇಕು, ಎಲೆಯ ಮೇಲೆ ಉಣ್ಣಬೇಕು, ಮದುವೆ ಹಬ್ಬ ಬಂದರೆ ಕಡಿದು ಬಾಗಿಲಿಗೆ ಕಂಬ ಕಟ್ಟಬೇಕು. ಈ ಮೂರಕ್ಕೂ ಬಾರದ ಬಾಳೆಯನ್ನು ಒಬ್ಬ ಮನುಷ್ಯ ನೀರುಣಿಸಿ, ಗೊಬ್ಬರ ಹಾಕಿ, ಸುತ್ತ ಮುಳ್ಳಿನ ಬೇಲಿ ಬಡಿದು, ಬುಡದಲ್ಲಿ ಹೆಸರು ಬರೆದ ತಗಡು ನೆಟ್ಟು ಸಾಕುತ್ತಿದ್ದಾನೆ ಎಂದರೆ ಊರವರು ನಗದೆ ಏನು ಮಾಡಿಯಾರು? ನಕ್ಕರು. ಎಂಟು ವರ್ಷ ಬೇಸರವಿಲ್ಲದೆ ನಕ್ಕರು. ಆ ಮನುಷ್ಯ ಮಾತ್ರ ಒಂದು ದಿನವೂ ನಗಲಿಲ್ಲ. ಅವನ ಹೆಸರು ಮಡಿವಾಳೆಪ್ಪ.

ಮಡಿವಾಳೆಪ್ಪ ನವಲಗುಂದದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾರಕೂನನಾಗಿ ಸವೆದವನು. ಅದು ಎರೆ ಭೂಮಿ. ಹತ್ತಿ, ಜೋಳ, ಕುಸುಬಿ ಬಿಟ್ಟರೆ ಕಣ್ಣಿಗೆ ಬೀಳುವುದು ಬಿಸಿಲು. ಒಮ್ಮೆ ದೊಡ್ಡ ಸಾಹೇಬರ ಒಂದು ಸಹಿಗಾಗಿ ಫೈಲು ಹಿಡಿದುಕೊಂಡು ಧಾರವಾಡದ ಬಂಗಲೆಗೆ ಹೋದಾಗ ಅವನನ್ನು ಮೂರು ತಾಸು ಪಡಸಾಲೆಯಲ್ಲಿ ನಿಲ್ಲಿಸಿದರು. ಎದುರಿಗೆ ಹೂದೋಟ. ಅದರ ನಡುವೆ ಗುಲಾಬಿ ಬಣ್ಣದ ಹೂ ಬಿಟ್ಟ, ಆಳೆತ್ತರದ ಒಂದು ಬಾಳೆ. ಬೇಸರ ಕಳೆಯಲು ಮಾಲಿಯನ್ನು ಕೇಳಿದ, ಇದರ ಹಣ್ಣು ಹೆಂಗಿರತೈತಪಾ ಎಂದು. ಮಾಲಿ ಇವನನ್ನು ಮೇಲಿಂದ ಕೆಳಗೆ ನೋಡಿ, "ಇದು ಹಣ್ಣಿಗಲ್ರಿ. ನೋಡಾಕ ಅಷ್ಟ" ಎಂದ.

ಆ ಮಾತು ಮಡಿವಾಳೆಪ್ಪನ ಎದೆಗೆ ನಾಟಿತು. ಹಣ್ಣು ಕೊಡುವುದು ರೈತನ ಬಾಳೆ, ಏನೂ ಕೊಡದೆ ಸುಮ್ಮನೆ ನಿಂತು ನೋಡಿಸಿಕೊಳ್ಳುವುದು ಸಾಹೇಬರ ಬಾಳೆ. ಮೂವತ್ತೊಂದು ವರ್ಷ ದುಡಿದು ದುಡಿದು ಹಣ್ಣಾದವನಿಗೆ ಇದಕ್ಕಿಂತ ದೊಡ್ಡ ತತ್ವ ಬೇಕೆ? ಪೆನ್ಶನ್ ಬಂದ ಮರುವರ್ಷವೇ, ಅಂದರೆ ಎಪ್ಪತ್ತನೇ ಇಸವಿಯಲ್ಲಿ, ಊರಿಗೆ ಬಂದು ಹಳ್ಳದ ದಂಡೆಯ ಒಂದು ಎಕರೆಯಲ್ಲಿ ತಿನ್ನಲಾಗದ ಬಾಳೆಗಳನ್ನು ಕೂಡಿಸತೊಡಗಿದ. ಬಾವಿಯ ಸುತ್ತ ಮೊದಲಿನಿಂದಲೂ ಇದ್ದ, ಹಣ್ಣು ಬಿಡುವ ಜವಾರಿ ಬಾಳೆಯ ಸಾಲನ್ನು ಮಾತ್ರ ಹೆಂಡತಿಗೆ ಹೆದರಿ ಉಳಿಸಿಕೊಂಡ. ಅವಕ್ಕೆ ತಗಡಿನ ಭಾಗ್ಯವಿರಲಿಲ್ಲ.

ತಗಡಿನ ವಿಷಯ ಹೇಳಲೇಬೇಕು. ಮಡಿವಾಳೆಪ್ಪನ ಪ್ರಕಾರ ದಾಖಲೆಯಾಗದ ವಸ್ತು ಈ ಲೋಕದಲ್ಲಿ ಇದ್ದೂ ಇಲ್ಲದ ಹಾಗೆ. ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ, ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬಳಿಯುವವರ ಹತ್ತಿರ ಉಳಿದ ಬಣ್ಣ ಬೇಡಿ ತಂದು, ಒಂದೊಂದು ಗಿಡಕ್ಕೂ ಒಂದೊಂದು ತಗಡು ಬರೆದ. ನಂಬರು, ಹೆಸರು, ಸಂಗ್ರಹಿಸಿದ ತಾರೀಖು, ಕೆಳಗೆ ದಪ್ಪ ಅಕ್ಷರದಲ್ಲಿ "ಸಂಗ್ರಾಹಕರು: ಮಡಿವಾಳೆಪ್ಪ, ಮು. ದುಮ್ಮವಾಡ, ಮೈಸೂರು ರಾಜ್ಯ". ಎಪ್ಪತ್ಮೂರರಲ್ಲಿ ರಾಜ್ಯದ ಹೆಸರು ಕರ್ನಾಟಕವಾದಾಗ ಊರಿನಲ್ಲಿ ಸಕ್ಕರೆ ಹಂಚಿದರು. ಮಡಿವಾಳೆಪ್ಪ ಸಕ್ಕರೆ ಬಾಯಿಗೆ ಹಾಕಿಕೊಂಡವನೇ ತೋಟಕ್ಕೆ ಓಡಿ ಸಂಜೆಯೊಳಗೆ ಎಲ್ಲ ತಗಡುಗಳ ಮೇಲೂ ಮೈಸೂರು ಅಳಿಸಿ ಕರ್ನಾಟಕ ಬರೆದ. ಬಾಳೆಗಳಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಮುಂದೆ ಗೋಡೆಗೋಡೆಯ ಮೇಲೆ "ನಾವಿಬ್ಬರು, ನಮಗಿಬ್ಬರು" ಎಂದು ಸರಕಾರ ಬರೆಸಿದಾಗ ಒಂದೊಂದು ಬುಡಕ್ಕೆ ಎರಡೇ ಮರಿ ಬಿಟ್ಟು ಉಳಿದದ್ದನ್ನು ಕಿತ್ತು ಹಾಕಿದ. ಆ ಯೋಜನೆಯನ್ನು ಊರಿನಲ್ಲಿ ಮನಸಾರೆ ಪಾಲಿಸಿದ್ದು ಅವನ ಬಾಳೆಗಳು ಮಾತ್ರ.

ಹೆಂಡತಿ ಶಾರದವ್ವ ಹೇಳುವಷ್ಟು ಹೇಳಿ ನೋಡಿದ್ದಳು. "ಗೊಡ್ಡ ಎಮ್ಮಿ ಕಟ್ಟಿ ಮೇವು ಹಾಕಿದವ್ರನ್ನ ನೋಡೇನಿ. ಅದರ ಕೊರಳಾಗ ಹೆಸರು ಬರದ ಹಲಗಿ ಹಾಕಿದವ್ರನ್ನ ನಿಮ್ಮನ್ನ ನೋಡಿದ್ದು. ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಎಂಟು ವರ್ಷ ಆತು, ಕೆಸರಂತೂ ದಿನಾ ಮನಿ ತನಕ ಬರ್ತೈತಿ. ಮೊಸರು ಎಲ್ಲಿ?"

"ನಿನಗ ತಿಳಿಯಂಗಿಲ್ಲ ಬಿಡು. ಒಂದಿನ ನನ್ನ ಹೆಸರು ಪುಸ್ತಕದಾಗ ಅಚ್ಚಾಗ್ತೈತಿ" ಎನ್ನುತ್ತಿದ್ದ ಮಡಿವಾಳೆಪ್ಪ.

ಅವನಿಗೆ ಬೇಕಾಗಿದ್ದು ಅದೊಂದೇ. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಕಾಗದ ಬರೆದಿದ್ದ, ಕೆಳಗೆ ಸಹಿ ಮಾತ್ರ ಯಾವಾಗಲೂ ಬೇರೆಯವರದು. ಯಾರಿಗೂ ಗೊತ್ತಿಲ್ಲದ ಒಂದು ಬಾಳೆ ಸಿಗಬೇಕು, ಅದನ್ನು ಗುರುತಿಸಿದವರು ಇಂಥವರು ಎಂದು ತಿಳಿದವರು ಬರೆಯಬೇಕು, ಆ ಪುಸ್ತಕವನ್ನು ಊರಿನ ನಗೆಗಾರರ ಮೂಗಿನ ಕೆಳಗೆ ಹಿಡಿಯಬೇಕು. ಇದನ್ನು ನೆನೆಸಿಕೊಂಡರೆ ಅರವತ್ತು ದಾಟಿದ ಮನುಷ್ಯನ ಕಣ್ಣು ತುಂಬುತ್ತಿತ್ತು. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಅಂಥ ಬಾಳೆ ಸಿಕ್ಕಿಯೂ ಇತ್ತು. ಅದು ಹದಿನೇಳನೇ ನಂಬರು.

ತೋಟದಲ್ಲಿ ಕಳೆ ತೆಗೆಯಲು, ನೀರು ತಿರುವಲು ಕೇರಿಯ ದುರಗವ್ವ ಬರುತ್ತಿದ್ದಳು. ಗಟ್ಟಿ ಹೆಂಗಸು, ಕಾಡು ಬಲ್ಲವಳು, ಕಟ್ಟಿಗೆಗೆ ಹೋದರೆ ಬರಿಗೈಲಿ ಬರುವವಳಲ್ಲ. ಎಪ್ಪತ್ತೊಂದರ ಮಳೆಗಾಲದಲ್ಲಿ ಹೊರೆಯ ಜೊತೆಗೆ ಗಡಿಗೆಯ ಹಾಗೆ ಬುಡ ಉಬ್ಬಿದ ಒಂದು ಬಾಳೆಸಸಿ ತಂದು, "ಯಪ್ಪಾ, ಅಡವ್ಯಾಗ ಕಲ್ಲಬಂಡಿ ಮ್ಯಾಲ ಬೆಳದಿತ್ರಿ. ನಿಮಗ ಇಂಥಾವ ಬೇಕಲ್ರಿ" ಎಂದು ಬಾವಿಯ ಹತ್ತಿರದ ಚಪ್ಪಟೆ ಕಲ್ಲಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವರಿಬ್ಬರ ನಡುವೆ ಕೊಡುವುದು ತೆಗೆದುಕೊಳ್ಳುವುದು ನಡೆಯುತ್ತಿದ್ದದ್ದು ಆ ಕಲ್ಲಿನ ಮೇಲೆಯೇ. ಕೂಲಿ, ಎಲೆ ಅಡಿಕೆ, ಶಾರದವ್ವ ಕಳಿಸಿದ ಹಳೇ ಸೀರೆ, ಏನೇ ಇರಲಿ, ಮಡಿವಾಳೆಪ್ಪ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುವನು, ಅವಳು ಬಂದು ಎತ್ತಿಕೊಳ್ಳುವಳು. ಅವಳ ಚಹದ ಅಲ್ಯುಮಿನಿಯಂ ಬಟ್ಟಲು ಬೇಲಿಯ ಗೂಟಕ್ಕೆ ಬೋರಲಾಗಿ ತೂಗುತ್ತಿತ್ತು. ಯಾವ ಊರಿನ, ಯಾವ ಹೊಲದ ಬಾಳೆಗಡ್ಡೆ ಬಂದರೂ ಮೈಲಿಗೆಯೆನ್ನದೆ ಕೈಯಾರೆ ತೊಳೆದು ನೆಡುತ್ತಿದ್ದ ಮಡಿವಾಳೆಪ್ಪನಿಗೆ ಇದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎಂದು ಅನ್ನಿಸಿರಲೇ ಇಲ್ಲ. ಯಾರಾದರೂ ಕೇಳಿದ್ದರೆ, ಅವಳ ಮೇಲೆ ನನಗೆ ಬಹಳ ವಿಶ್ವಾಸ ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

"ಇದಕ್ಕ ನಮ್ಮ ಕಡೆ ಏನಂತಾರಂದ್ರ..." ಎಂದು ದುರಗವ್ವ ಶುರು ಮಾಡಿದಳು.

"ನಿಮ್ಮ ಕಡೆ ಹೆಸರು ಯಾರಿಗೆ ಬೇಕಬೇ? ಶಾಸ್ತ್ರದ ಹೆಸರು ಬೇಕು. ಅದನ್ನ ನಾ ಹುಡುಕ್ತೀನಿ, ನೀ ಕಳೆ ಕೀಳು ಹೋಗು."

ದುರಗವ್ವ ಕಳೆ ಕೀಳಲು ಹೋದಳು. ಮಡಿವಾಳೆಪ್ಪ ತನ್ನಲ್ಲಿದ್ದ ಒಂದೇ ಒಂದು ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. ಅದರಲ್ಲಿ ಈ ಗಿಡ ಇರಲಿಲ್ಲ. ತನ್ನ ಪುಸ್ತಕದಲ್ಲಿ ಇಲ್ಲದ್ದು ಭೂಲೋಕದಲ್ಲೂ ಇರಲಾರದೆಂದು ತೀರ್ಮಾನಿಸಿ ತಗಡು ಬರೆದ: "ನಂ. ೧೭. ಹೆಸರು: ಜಗತ್ತಿಗೆ ಇನ್ನೂ ತಿಳಿದಿಲ್ಲ."

ಆ ವರ್ಷದ ಚಳಿ ಮುಗಿಯುವಷ್ಟರಲ್ಲಿ ಗಿಡ ಒಣಗಿ ನೆಲ ಕಚ್ಚಿತು. ಕೊಳೆತ ಗಿಡ ತಂದುಕೊಟ್ಟೆ ಎಂದು ಮಡಿವಾಳೆಪ್ಪ ದುರಗವ್ವನ ಮೇಲೆ ಹರಿಹಾಯ್ದ. "ಸತ್ತಿಲ್ರಿ, ಮಲಗೈತಿ. ಮಳಿ ಬರೂತನ ತಡೀರಿ" ಎಂದಳು. ಮುಂಗಾರಿನ ಎರಡನೇ ಮಳೆಗೆ ಮಣ್ಣಿನಿಂದ ಕೆಂಪು ಮೂಗು ಹೊರಬಂತು. "ಈ ಗಿಡವು ಬೇಸಿಗೆಯಲ್ಲಿ ಮಲಗುವುದೆಂದು ಸಂಗ್ರಾಹಕರು ಸ್ವತಃ ಕಂಡುಹಿಡಿದರು" ಎಂದು ಅವನ ರಜಿಸ್ಟರಿನಲ್ಲಿ ದಾಖಲಾಯಿತು.

ಹೀಗೆ ಏಳು ಬೇಸಿಗೆ ಮಲಗಿ, ಏಳು ಮಳೆಗೆ ಎದ್ದು, ಎಪ್ಪತ್ತೆಂಟರ ಶ್ರಾವಣದಲ್ಲಿ ಹದಿನೇಳನೇ ನಂಬರು ಹೂ ಬಿಟ್ಟಿತು. ಅದೂ ಎಂಥ ಹೂ! ಒಂದರ ಮೇಲೊಂದು ಮುಚ್ಚಿದ ಅಂಗೈಯಗಲದ ಪಕಳೆಗಳು, ಅಪ್ಪಟ ಅರಿಶಿಣದ ಬಣ್ಣ. ಮಡಿವಾಳೆಪ್ಪ ಮೂರು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಧಾರವಾಡದ ಒಂದು ಕಾಲೇಜಿನಲ್ಲಿ ಗಿಡಶಾಸ್ತ್ರ ಕಲಿಸುವ ಇನಾಮತಿ ಸಾಹೇಬರಿಗೆ ಆರು ಪುಟದ ಪತ್ರ ಬರೆದ. ಸಾಹೇಬರು ಆಗ ಈ ಭಾಗದ ಕಾಡುಗಿಡಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಬರುವ ಸೋಮವಾರ ಬರುತ್ತೇನೆಂದು ಅವರಿಂದ ಕಾರ್ಡು ಬಂತು.

ಕಾರ್ಡನ್ನು ಮೊದಲು ಓದಿದವನು ಪೋಸ್ಟಿನವ. ಆದ್ದರಿಂದ ಅದು ಮಡಿವಾಳೆಪ್ಪನ ಕೈ ಸೇರುವ ಮೊದಲೇ ಪಂಚಾಯತಿಯ ಚೇರಮನ್ ಶಂಭುಲಿಂಗಪ್ಪನ ಕಿವಿ ಸೇರಿತ್ತು. ಎಂಟು ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಈಗ ಇವನೇ ಎಲ್ಲರಿಗಿಂತ ಮೊದಲು ಓಡಿ ಬಂದ.

"ಕಾಕಾರ, ಸಾಹೇಬ್ರು ಬರೂದು ನಿಮ್ಮ ಮನಿಗಲ್ಲ, ಊರಿಗೆ. ಅಗದಿ ಜೋರು ಮಾಡೂಣು. ಬಸ್ ನಿಲ್ಲೂ ಜಾಗಾದಾಗ ಕಮಾನು, ಎರಡು ಬಾಜೂ ಬಾಳಿಕಂಬ, ಹಾರ, ಹಲಗಿ ಮ್ಯಾಳ. ಕಂಬ ಯಾರ ತ್ವಾಟದ್ದು ತರೂಣು?"

ಮಡಿವಾಳೆಪ್ಪನ ಎದೆ ಉಬ್ಬಿತು. "ಬ್ಯಾರೇದವ್ರದ್ದು ಯಾಕ? ಬಾಳಿ ನೋಡಾಕ ಬರೋ ಸಾಹೇಬ್ರಿಗೆ ನನ್ನ ತ್ವಾಟದ ಕಂಬನ ಆಗಬೇಕು. ಛಲೋದು ನೋಡಿ ಕಟ್ರಿ." ಅವನ ಮನಸ್ಸಿನಲ್ಲಿ ಇದ್ದದ್ದು ಬಾವಿಯ ಸುತ್ತಲಿನ ಜವಾರಿ ಸಾಲು. ಕಂಬ ಕಡಿಯುವವರು ಬೇರೆ ಕಡೆ ಕಣ್ಣು ಹಾಕಿಯಾರೆಂಬುದು ಅವನ ಕನಸಿಗೂ ಬರಲಿಲ್ಲ.

ಭಾನುವಾರ ಸಂಜೆ ಅವನು ಇನ್ನೊಂದು ವ್ಯವಸ್ಥೆ ಮಾಡಿದ. ಬಾವಿಯ ಕಲ್ಲಿನ ಮೇಲೆ ದುರಗವ್ವನ ಕೂಲಿ ಇಟ್ಟು ಹಿಂದೆ ಸರಿದು ಹೇಳಿದ, "ದುರಗವ್ವ, ನಾಳೆ ನೀ ಬರಬ್ಯಾಡ."

"ಯಾಕ್ರಿ ಯಪ್ಪಾ? ಹೂ ಬಿಟ್ಟೈತಿ, ನೀರು ಹಾಕೂದು ಬ್ಯಾಡೇನ್ರಿ?"

"ದೊಡ್ಡ ಮಂದಿ ಬರ್ತಾರ. ಅಡ್ಡಾಡಾಕ ತ್ರಾಸ ಆಗ್ತೈತಿ. ಮಂಗಳವಾರ ಬಾ."

ದುರಗವ್ವ ಒಮ್ಮೆ ಹದಿನೇಳನೇ ನಂಬರಿನ ಕಡೆ ನೋಡಿ, ಹೂಂ ಎಂದು ಹೋದಳು.

ಸೋಮವಾರ ಮೊದಲ ಬಸ್ಸಿಗೆ ಮಡಿವಾಳೆಪ್ಪ ಹೊಸ ಧೋತರ, ಕರೇ ಕೋಟು ತೊಟ್ಟು, ತಲೆಗೆ ಪಟಗಾ ಸುತ್ತಿಕೊಂಡು ಸಾಹೇಬರನ್ನು ಕರೆತರಲು ಕಲಘಟಗಿಗೆ ಹೋದ. ಅವನು ಹೋದ ಗಳಿಗೆಯಲ್ಲೇ ಪಂಚಾಯತಿಯ ಸಿಪಾಯಿ ಹುಲಿಗೆಪ್ಪ ಕೊಡಲಿ ಹಿಡಿದು ತೋಟಕ್ಕೆ ಬಂದ. ಶಾರದವ್ವ ಅಲ್ಲಿ ಸಾಹೇಬರ ಊಟಕ್ಕೆ ಎಲೆ ಕೊಯ್ಯುತ್ತಿದ್ದಳು.

"ಅವ್ವಾರ, ಕಮಾನಿಗೆ ಕಂಬ ಬೇಕ್ರಿ. ಛಲೋದು ನೋಡಿ ಕಟ್ಟು ಅಂದಾರ್ರಿ ಅಪ್ಪಾರು."

ಇಬ್ಬರೂ ಜವಾರಿ ಸಾಲು ನೋಡಿದರು. ಒಂದು ಕಂಬ ಚೆನ್ನಾಗಿತ್ತು, ಅದನ್ನು ಕಡಿದರು. ಜೊತೆಗೆ ಕಟ್ಟಲು ಅದರೆತ್ತರದ್ದು ಇನ್ನೊಂದು ಸಿಗಲಿಲ್ಲ. ಆಗ ಹುಲಿಗೆಪ್ಪನ ಕಣ್ಣು ಹದಿನೇಳನೇ ನಂಬರಿನ ಮೇಲೆ ಬಿತ್ತು. ಎತ್ತರ ಸರಿಯಾಗಿತ್ತು. ಬುಡ ನೋಡಿದರೆ ತುಂಬಿದ ಕುಂಭ. ಮೇಲೆ ಅರಿಶಿಣದ ಹೂ. ಶುಭಕಾರ್ಯಕ್ಕೆ ಕಂಬ ಕಡಿಯುವ ಯಾವ ಮನುಷ್ಯ ಇದನ್ನು ಬಿಟ್ಟಾನು?

ಶಾರದವ್ವನಿಗೂ ಹಾಗೇ ಅನ್ನಿಸಿತು. ಸಾಹೇಬರು ಬರುವುದು ಇದೇ ಗಿಡಕ್ಕಾಗಿ ಎಂದು ಗಂಡ ಅವಳಿಗೆ ಹೇಳಿರಲಿಲ್ಲ, ಹೇಳಿದರೂ ತಿಳಿಯದೆಂದು. "ಕಡಿ ಹುಲಿಗೆಪ್ಪ. ಮುತ್ತೈದಿ ಹಾಂಗ ನಿಂತೈತಿ. ಎಂಟು ವರ್ಷದಾಗ ಇವರದೊಂದು ಗಿಡ ಊರಿನ ಕೆಲಸಕ್ಕ ಬಂತಂದ್ರ ಅವರಿಗೂ ಹೆಸರು" ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಗಂಡನ ಮೇಲಿನ ಪ್ರೀತಿಯಿಂದಲೇ ಆಡಿದ ಮಾತು.

ಹುಲಿಗೆಪ್ಪ ಮೊದಲು ತಗಡನ್ನು ಕೈಮುಗಿದು ಕಿತ್ತು ಬದಿಗಿಟ್ಟ. ಗಿಡ ಕಡಿದಾದ ಮೇಲೆ ತಗಡನ್ನು ಇದ್ದಲ್ಲೇ ಮತ್ತೆ ನೆಟ್ಟು, ಓರೆಯಾಗಿದ್ದನ್ನು ನೆಟ್ಟಗೆ ಮಾಡಿ, ಮೇಲಿನ ಮಣ್ಣನ್ನು ತನ್ನ ಟಾವೆಲ್ಲಿನಿಂದ ಒರೆಸಿದ. ತಗಡಿಗೆ ಒಂದು ಗೀರು ಬಿದ್ದರೂ ಅಪ್ಪಾರು ಬಿಡುವವರಲ್ಲ ಎಂದು ಅವನಿಗೆ ಗೊತ್ತಿತ್ತು.

ಹತ್ತರ ಬಸ್ಸಿನಿಂದ ಇನಾಮತಿ ಸಾಹೇಬರು ಇಳಿದರು, ಹಿಂದೆ ಮಡಿವಾಳೆಪ್ಪ. ಸಾಹೇಬರು ಸಣ್ಣ ಆಳು, ದಪ್ಪ ಕನ್ನಡಕ, ಹೆಗಲಿಗೆ ಜೋಳಿಗೆ. ಹಲಗೆವಾದ್ಯಗಳು ಮೊಳಗಿದವು. ಚೇರಮನ್ ಶಂಭುಲಿಂಗಪ್ಪ ಸಾಹೇಬರ ಮೂಗಿನವರೆಗೆ ಬರುವಂಥ ಚೆಂಡುಹೂವಿನ ಹಾರ ಹಾಕಿದ್ದರಿಂದ ಅವರಿಗೆ ಮುಂದೆ ಏನೂ ಕಾಣುತ್ತಿರಲಿಲ್ಲ. ಮಡಿವಾಳೆಪ್ಪನಿಗೆ ಎಲ್ಲವೂ ಕಾಣುತ್ತಿತ್ತು. ಕಮಾನಿನ ಕೆಳಗೆ ನಿಂತು ಎಡಗಡೆಯ ಕಂಬವನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದ. ಅದಕ್ಕೆ ಮಾವಿನ ತಳಿರು ಸುತ್ತಿದ್ದರು, ಬಣ್ಣದ ಕಾಗದ ಅಂಟಿಸಿದ್ದರು, ತುದಿಯ ಹೂವಿನ ಮೇಲೆ ಚೆಂಡುಹೂ ಇಳಿಬಿಟ್ಟಿದ್ದರು. ತಗಡೊಂದು ಇರಲಿಲ್ಲ. "ಶಬ್ಬಾಸ್ ಹುಲಿಗೆಪ್ಪ, ಕಂಬ ಅಂದ್ರ ಹಿಂಗಿರಬೇಕು ನೋಡು!" ಎಂದು ಅದರ ಬುಡವನ್ನು ಪ್ರೀತಿಯಿಂದ ತಟ್ಟಿ ಮುಂದೆ ನಡೆದ.

ತೋಟದಲ್ಲಿ ಪರೀಕ್ಷೆ ಶುರುವಾಯಿತು. ಊರೇ ಬೇಲಿಯ ಸುತ್ತ ನಿಂತಿತ್ತು. ಒಂದನೇ ನಂಬರು ನೋಡಿ ಸಾಹೇಬರು, "ಇದು ಕಾಡುಬಾಳಿ. ಎಲ್ಲಾ ಕಡೆ ಅದ" ಎಂದರು. ನಾಲ್ಕನೇ ನಂಬರಿನ ಪಟ್ಟೆಪಟ್ಟೆ ಎಲೆಯ ಬಾಳೆ ಮಡಿವಾಳೆಪ್ಪನ ಹೆಮ್ಮೆ, ಶಿರಸಿಯಿಂದ ಮಡಿಲಲ್ಲಿ ಇಟ್ಟುಕೊಂಡು ತಂದದ್ದು. ಸಾಹೇಬರು ಎಲೆಯನ್ನು ಬಿಸಿಲಿಗೆ ಹಿಡಿದು, "ಇದು ಜಾತಿ ಅಲ್ರಿ, ರೋಗ. ಇವತ್ತ ಕಿತ್ತು ಸುಡ್ರಿ, ಇಲ್ಲಂದ್ರ ಉಳಿದಾವಕ್ಕೂ ಹತ್ತತದ" ಎಂದರು. ಒಂಬತ್ತನೇ ನಂಬರಿನ ಹೂವನ್ನು ಬಗ್ಗಿ ನೋಡಿದರು.

"ಇದು ಬಾಳಿನ ಅಲ್ಲ. ಕಾಬಾಳಿ. ಹೂವಿನ ಗಿಡ."

"ಆದ್ರ ಸಾಹೇಬ್ರ, ಅದು ರಜಿಸ್ಟರಿನ್ಯಾಗ ಬಾಳಿ ಅಂತ ಬಂದು ಬಿಟ್ಟೈತ್ರಿ" ಎಂದ ಮಡಿವಾಳೆಪ್ಪ.

ಬೇಲಿಯ ಆಚೆ ನಗೆ ಶುರುವಾಯಿತು. ಹದಿನಾರು ಮುಗಿಯುವಷ್ಟರಲ್ಲಿ ಜಗತ್ತಿಗೆ ತಿಳಿಯದ್ದು ಒಂದೂ ಉಳಿದಿರಲಿಲ್ಲ, ಎರಡಂತೂ ದುಮ್ಮವಾಡದ ಸಣ್ಣ ಹುಡುಗರಿಗೂ ತಿಳಿದಿದ್ದವು. ಮಡಿವಾಳೆಪ್ಪನ ಪಟಗಾ ಬೆವರಿನಿಂದ ಒದ್ದೆಯಾಗಿತ್ತು. ಆದರೂ ಅವನು ಅಳುಕಲಿಲ್ಲ. "ಈಗ ಬರ್ರಿ ಸಾಹೇಬ್ರ. ಇಲ್ಲೀತನ ನೋಡಿದ್ದು ಬಿಡ್ರಿ. ಇದಕ್ಕ ನಿಮ್ಮನ್ನ ಕರಿಸಿದ್ದು" ಎಂದು ಬೇಲಿಯ ಮೂಲೆಗೆ ಕರೆದುಕೊಂಡು ಹೋಗಿ, ಕೈ ಚಾಚಿ ತೋರಿಸಿದ.

ತಗಡು ಫಳಫಳ ಹೊಳೆಯುತ್ತಿತ್ತು. ನಂ. ೧೭. ಹೆಸರು: ಜಗತ್ತಿಗೆ ಇನ್ನೂ ತಿಳಿದಿಲ್ಲ. ಅದರ ಹಿಂದೆ ಗೇಣುದ್ದದ ಬೊಡ್ಡೆ, ಅದರಿಂದ ಒಸರುವ ನೀರು, ನಾಲ್ಕು ನೊಣ.

ಮಡಿವಾಳೆಪ್ಪನ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಮೊದಲು ಮಾತಾಡಿದವನು ಹುಲಿಗೆಪ್ಪ, ಅದೂ ಹೆಮ್ಮೆಯಿಂದ. "ಅದ ರೀ ಅಪ್ಪಾರ, ಕಮಾನಿನ ಎಡಗಡೆ ಕಟ್ಟೇನಲ್ರಿ! ನೀವು ಶಬ್ಬಾಸ್ ಅಂದ್ರಲ್ರಿ. ತಗಡು ನೋಡ್ಕೋರಿ, ಇದ್ದಂಗ ಇಟ್ಟೇನಿ."

ಅವನನ್ನು ಹೊಡೆಯಲು ಮಡಿವಾಳೆಪ್ಪ ಕೈ ಎತ್ತಿದ. ಕೈ ಅರ್ಧಕ್ಕೇ ನಿಂತಿತು. ಛಲೋದು ನೋಡಿ ಕಟ್ಟು ಎಂದವನು ತಾನೇ. ಬುಡ ತಟ್ಟಿ ಶಬ್ಬಾಸ್ ಎಂದವನೂ ತಾನೇ. ಏಳು ವರ್ಷ ದಿನವೂ ನೋಡಿದ ಗಿಡವನ್ನು ತಗಡಿಲ್ಲದಾಗ ಗುರುತಿಸಲಾರದೆ ಹೋದೆನಲ್ಲ ಎಂಬ ನಾಚಿಕೆಗೆ ಎತ್ತಿದ ಕೈ ಕೆಳಗಿಳಿಯಿತು. ಶಾರದವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಬೇಲಿಯ ಹತ್ತಿರ ನಗುತ್ತಿದ್ದವರು, ಅವರಿಗೂ ಏನೋ ಅನ್ನಿಸಿರಬೇಕು, ದಾರಿ ಬಿಟ್ಟು ಸರಿದರು.

ಎಲ್ಲರೂ ಕಮಾನಿನ ಹತ್ತಿರ ಓಡಿದರು. ಮಡಿವಾಳೆಪ್ಪ ಯಾಕೋ ಆ ತಗಡನ್ನೂ ಕಿತ್ತುಕೊಂಡು ಓಡಿದ. ಸಾಹೇಬರು ಕಂಬವನ್ನು ಇಳಿಸಿ, ಚೆಂಡುಹೂ ಕಿತ್ತೆಸೆದು, ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಕಲ್ಲುಬಾಳಿ. ಹೆಸರಿಲ್ಲದ್ದಲ್ಲ, ಕಾಡಿನವ್ರಿಗೆಲ್ಲಾ ಗೊತ್ತಿದ್ದ ಗಿಡ. ಆದ್ರ ಅದರ ಹೂವಿನ ಪಕಳೆ ಕಂದುಗೆಂಪು ಇರ್ತಾವ. ಇಂಥಾ ಅರಿಶಿಣ ಬಣ್ಣದ್ದು ನಾ ಈತನಕ ಕಂಡಿಲ್ಲ, ಕೇಳಿಲ್ಲ." ಅವರು ಭೂತಗನ್ನಡಿ ಕೆಳಗಿಟ್ಟರು. "ಇದು ಮರಿ ಹಾಕೂ ಬಾಳಿ ಅಲ್ರಿ ಮಡಿವಾಳೆಪ್ಪ. ಆಯುಷ್ಯದಾಗ ಒಮ್ಮೆ ಹೂ ಬಿಟ್ಟು, ಬೀಜ ಕೊಟ್ಟು ಸಾಯತದ. ಇದು ಇನ್ನೂ ಕಾಯಿ ಕಟ್ಟಿದ್ದಿಲ್ಲ. ಎಲ್ಲಿಂದ ತಂದ್ರಿ ಇದನ್ನ? ಆ ಜಾಗಾ ತೋರಸ್ರಿ."

ಮಡಿವಾಳೆಪ್ಪ ರಜಿಸ್ಟರ್ ತೆರೆದ. ಸಂಗ್ರಹಿಸಿದ ಸ್ಥಳ ಎಂಬಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: "ಸ್ವಂತ ತೋಟ, ಬಾವಿಯ ಹತ್ತಿರದ ಕಲ್ಲು." ಅವನು ಸಂಗ್ರಹಿಸಿದ್ದು ಅಲ್ಲಿಂದಲೇ ತಾನೆ.

"ದುರಗವ್ವಗ ಗೊತ್ತೈತ್ರಿ" ಎಂದ, ತನಗೇ ಕೇಳದಷ್ಟು ಸಣ್ಣಗೆ.

"ಕರೀರಿ ಹಂಗಾದ್ರ."

"ಇವತ್ತ ಬರಬ್ಯಾಡ ಅಂದೇನ್ರಿ ನಾನ."

ಸಾಹೇಬರು ಅವನ ಮುಖ ನೋಡಿ, "ಆಕಿ ಮನಿ ಎಲ್ಲದ?" ಎಂದು ಎದ್ದರು. ಹೀಗೆ ಅರವತ್ತು ದಾಟಿದ ಮಡಿವಾಳೆಪ್ಪ ತನ್ನದೇ ಊರಿನ ಕೇರಿಗೆ ಆವತ್ತು ಮೊದಲ ಸಲ ಕಾಲಿಟ್ಟ. ಹಿಂದೆ ಚೇರಮನ್, ಅವನ ಹಿಂದೆ, ಬಡಿಯಬೇಕೋ ಬೇಡವೋ ತಿಳಿಯದೆ, ಹಲಗೆಯವರು.

ದುರಗವ್ವ ಬಾಗಿಲ ಮುಂದೆ ಜೋಳ ಹಸನು ಮಾಡುತ್ತಿದ್ದವಳು ಇಷ್ಟು ಮಂದಿಯನ್ನು ನೋಡಿ ಮೊರ ಕೈಬಿಟ್ಟು ಎದ್ದು ನಿಂತಳು. ಮೊದಲು ಆಡಿದ ಮಾತು, "ಯಪ್ಪಾ, ನಾ ಇವತ್ತ ತ್ವಾಟದ ಕಡೆ ಬಂದೇ ಇಲ್ರಿ. ಏನರ ಕಳದೈತೇನ್ರಿ?"

ನಡೆದದ್ದನ್ನು ಸಾಹೇಬರೇ ಹೇಳಿದರು. ದುರಗವ್ವ ಕೇಳಿ ಹಣೆ ಬಡಿದುಕೊಂಡಳು. "ಅಯ್ಯ ನನ್ನವ್ವ! ನಾ ಇದ್ದಿದ್ರ ಕಡ್ಯಾಕ ಬಿಡ್ತಿದ್ನೇನ್ರಿ? ಹೂ ಬಿಟ್ಟ ಕಲ್ಬಾಳಿ ಕಡೀತಾರೇನ್ರಿ ಯಾರರ?" ಆಮೇಲೆ ಕಣ್ಣೊರೆಸಿಕೊಂಡು, "ಆ ಕಲ್ಲಬಂಡಿ ಈಗಿಲ್ರಿ ಸಾಹೇಬ್ರ. ರಸ್ತಾ ಮಾಡಾಕ ಒಡದು ಹಾಕ್ಯಾರ. ಬರ್ರಿ ಇಲ್ಲೆ" ಎಂದು ಮನೆಯ ಹಿಂದಕ್ಕೆ ಕರೆದಳು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇದು ಹಿತ್ತಲೂ ಅಲ್ಲ, ತಿಪ್ಪೆಯ ಮಗ್ಗುಲು. ಅಲ್ಲಿ ಗಡಿಗೆಬುಡದ ಮೂರು ಸಸಿಗಳು ಮಳೆಯಲ್ಲಿ ತೋಯ್ದು ನಿಂತಿದ್ದವು. ಆ ವರ್ಷ ಬಂಡೆಯಿಂದ ಅವಳು ತಂದದ್ದು ಎರಡು ಸಸಿ. ಒಂದು ಯಪ್ಪನಿಗೆ, ಒಂದು ತನಗೆ. ತನ್ನದು ಹೋದ ವರ್ಷವೇ ಅರಿಶಿಣದ ಹೂ ಬಿಟ್ಟು, ಕಾಯಿ ಕಟ್ಟಿ, ಬೀಜ ಕೊಟ್ಟು ಸತ್ತಿತ್ತು. ಈ ಮೂರೂ ಅದರ ಬೀಜದವು.

"ನನಗ ಹೇಳಲಿಲ್ಲಲ್ಲ ದುರಗವ್ವ!" ಎಂದ ಮಡಿವಾಳೆಪ್ಪ.

"ಹ್ವಾದ ವರ್ಷ ಹೇಳಾಕ ಬಂದಿದ್ನೆಲ್ರಿ. ತಗಡು ಬರಿಯಾಕತ್ತೇನಿ, ಮಾತಾಡಬ್ಯಾಡ ಅಂದ್ರಿ."

ಅವಳು ಒಳಗಿನಿಂದ ಒಂದು ಸಣ್ಣ ಗಡಿಗೆ ತಂದಳು. ಅದರಲ್ಲಿ ಕರಿಯ, ಕಡಲೆಗಿಂತ ದಪ್ಪನೆಯ ಬೀಜ, ಹೊಟ್ಟೆನೋವಿಗೆ ತೇದು ಕುಡಿಸಲು ಇಟ್ಟುಕೊಂಡದ್ದು. ಸಾಹೇಬರು ಕೇಳದೆಯೇ ಗಡಿಗೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ನಂತರ ಜೋಳಿಗೆಯಿಂದ ನೋಟುಬುಕ್ಕು ತೆಗೆದು, "ಪುಸ್ತಕದಾಗ ಹಾಕಬೇಕು. ನಿನ್ನ ಹೆಸರು ಪೂರ್ತಿ ಹೇಳವ್ವ" ಎಂದರು.

"ದುರಗವ್ವ. ಪೂರ್ತಿ ಅಷ್ಟರಿ."

ಚೇರಮನ್ ಶಂಭುಲಿಂಗಪ್ಪ ಕೆಮ್ಮಿ ಮುಂದೆ ಬಂದು, ದುಮ್ಮವಾಡ ಗ್ರಾಮ ಪಂಚಾಯತಿಯ ಮಾರ್ಗದರ್ಶನದಲ್ಲಿ ಎಂದೂ ಒಂದು ಸಾಲು ಸೇರಿಸಬಹುದಲ್ಲ ಎಂದು ಸೂಚಿಸಿದ. ಸಾಹೇಬರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರ ಪೆನ್ನು ಕಾಗದದ ಮೇಲೆ ಹರಿಯುವುದನ್ನು ಮಡಿವಾಳೆಪ್ಪ ಎದುರಿಗೇ ನಿಂತು ನೋಡಿದ. ತಲೆಕೆಳಗಾದ ಅಕ್ಷರ ಓದುವುದು ಕಾರಕೂನನಿಗೆ ಹೊಸದಲ್ಲ. ಗುರುತಿಸಿ ಉಳಿಸಿದವರು: ದುರಗವ್ವ, ದುಮ್ಮವಾಡ. ಅದರ 'ದು' ಅಕ್ಷರಗಳು ಚೆನ್ನಾಗಿ ಬಂದಿದ್ದವು.

ಸಾಹೇಬರು ಸಸಿಗಳ ಅಳತೆ ಹಿಡಿಯಲು ಹೋದರು. ಮಂದಿ ಅವರ ಹಿಂದೆ ಹೋಯಿತು. ಮಡಿವಾಳೆಪ್ಪ ಬಾಗಿಲ ಹತ್ತಿರವೇ ಉಳಿದ.

"ದುರಗವ್ವ, ನನಗೂ ನಾಲ್ಕು ಬೀಜ ಕೊಡ್ತೀಯೇನವಾ?" ಎಂದು ಕೇಳಿದ. ಅವಳನ್ನು ಅವಾ ಎಂದು ಮಾತಾಡಿಸಿದ್ದು ಅದೇ ಮೊದಲಿರಬೇಕು. ಬಲಗೈ ಮುಂದೆ ಚಾಚಿದ.

"ಅಯ್ಯ, ಅದಕ್ಕೇನ್ರಿ, ತಗೋರಿ" ಎಂದು ದುರಗವ್ವ ಗಡಿಗೆಯಿಂದ ಐದು ಬೀಜ ಎಣಿಸಿ ತೆಗೆದಳು. ಚಾಚಿದ ಕೈಯನ್ನು ಒಮ್ಮೆ ನೋಡಿದಳು. ನೋಡಿ, ಬಾಗಿಲ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಬೀಜಗಳನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸೇಡಿರಲಿಲ್ಲ. ಅವರಿಬ್ಬರ ನಡುವೆ ಇಷ್ಟು ವರ್ಷ ಹೇಗೆ ನಡೆದಿತ್ತೋ ಹಾಗೇ ಕೊಟ್ಟಿದ್ದಳು.

ಮಡಿವಾಳೆಪ್ಪನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಎಡಗೈಯಲ್ಲಿದ್ದ ಹದಿನೇಳನೇ ನಂಬರಿನ ತಗಡನ್ನು ನೆಲಕ್ಕಿಟ್ಟ. ಪಟಗಾ ಜಾರದ ಹಾಗೆ ಒಂದು ಕೈಯಿಂದ ಹಿಡಿದುಕೊಂಡು, ಬಗ್ಗಿ, ಕಲ್ಲಿನ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸತೊಡಗಿದ.

"ತಗಡಿನ ಬುಡಕ ಒಂದು ಉರುಳಿ ಹೋತು ನೋಡ್ರಿ ಯಪ್ಪಾ" ಎಂದಳು ದುರಗವ್ವ.

ಅವನು ತಗಡನ್ನು ಸರಿಸಿ ಅದನ್ನೂ ಎತ್ತಿಕೊಂಡ.